ಯಾವುದನ್ನು ಮೊದಲು ಕೊಯ್ದಿರಿ

“ಕಣ್ಣಿಗೆ ಕಂಡದ್ದನ್ನು ಬರೆಯುವುದಕ್ಕೂ ಅನುಮಾನ ಬೇಕೆ, ಮೇಡಂ?”

ಕೇಳಿದವನು ಹನುಮೇಶ. ದೇಹದಿಂದ ತೆಗೆದ ಗಡ್ಡೆಗಳನ್ನು ಕೊಯ್ದು, ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗದ ಹೆಸರನ್ನೂ ಹಂತವನ್ನೂ ಬರೆಯುವ ವಿದ್ಯೆಯನ್ನು ಅವನು ಕಲಿಯುತ್ತಿದ್ದ. ಕಲಿಸುತ್ತಿದ್ದವರು ಡಾಕ್ಟರ್ ವಾಸಂತಿ. ಆ ದಿನ ಅವನ ಮುಂದಿದ್ದದ್ದು ಇಪ್ಪತ್ತಾರು ವರ್ಷದವನೊಬ್ಬನ ವೃಷಣದ ಗಡ್ಡೆಯ ಸ್ಲೈಡು. ಹೆಸರು ಗೊತ್ತಾಗಿತ್ತು, ಸೆಮಿನೋಮ. ವೃಷಣದಿಂದ ಹೊಟ್ಟೆಯ ಕಡೆಗೆ ಏರುವ ಹುರಿಯ ತುದಿಯಲ್ಲೂ ಅದೇ ಜೀವಕೋಶಗಳು ಕಂಡಿದ್ದವು. ರೋಗ ಹುರಿಗೆ ಏರಿತೆಂದರೆ ಹಂತವೂ ಏರುತ್ತದೆ. ಹನುಮೇಶ ಪೆನ್ನು ತೆರೆದುಕೊಂಡೇ ಕೂತಿದ್ದ.

ವಾಸಂತಿ ಸ್ಲೈಡು ನೋಡಿದರು. ಆಮೇಲೆ ಕೊಯ್ಯುವ ಮೇಜಿನ ಕಡೆ ನೋಡಿದರು. ತಟ್ಟೆಯಲ್ಲಿ ಒಂದೇ ಕತ್ತಿ ಇತ್ತು. ಅದರ ಮಾತು ಎತ್ತಲಿಲ್ಲ. ಕತೆ ಹೇಳಿದರು.

ಒಬ್ಬ ಬಡಗಿ ಇದ್ದ. ಅವನ ಒಂದು ವೃಷಣ ಊದಿಕೊಂಡಿತು. ನೋವಿರಲಿಲ್ಲ, ಆದ್ದರಿಂದ ರೋಗವೂ ಇಲ್ಲ ಎಂದುಕೊಂಡ. ಆರು ತಿಂಗಳು ಸಡಿಲವಾಗಿ ಲುಂಗಿ ಉಟ್ಟು ಕಳೆದ. ಬೆರಳಿಗೆ ಸಿಬಿರು ಚುಚ್ಚಿದರೆ ಓಣಿಗೆಲ್ಲ ಕೇಳುವಂತೆ ನರಳುವ ಗಂಡಸರು ಇಂಥದ್ದನ್ನು ಮಾತ್ರ ಕಟ್ಟಿಕೊಂಡವಳಿಗೂ ಹೇಳುವುದಿಲ್ಲ. ಹೆಂಡತಿ ತಾನೇ ಕಂಡುಹಿಡಿದಳು. ಬೈದಳು. ಬೈಯುತ್ತಲೇ ಬಸ್ಸು ಹತ್ತಿಸಿ ಆಸ್ಪತ್ರೆಗೆ ಕರೆತಂದಳು.

ಶಸ್ತ್ರವೈದ್ಯರು ವೃಷಣವನ್ನು ಹುರಿಯ ಸಮೇತ ತೆಗೆದು, ಫಾರ್ಮಲಿನ್ ತುಂಬಿದ ಜಾಡಿಯಲ್ಲಿಟ್ಟು ಪ್ರಯೋಗಾಲಯಕ್ಕೆ ಕಳಿಸಿದರು.

ಅಲ್ಲಿ ಒಬ್ಬ ಪರೀಕ್ಷಕ ಇದ್ದ. ಬಲ್ಲವನು. ಗಡ್ಡೆಯನ್ನು ನಡುವೆ ಸೀಳಿದ. ಒಂದೊಂದು ಸೆಂಟಿಮೀಟರಿಗೂ ಒಂದೊಂದು ತುಂಡು ತೆಗೆದ. ಈ ಗಡ್ಡೆಗಳಲ್ಲಿ ಹಲವು ಜಾತಿ; ಒಂದರೊಳಗೆ ಇನ್ನೊಂದು ಅಡಗಿ ಕೂರುತ್ತದೆ, ಅಡಗಿದ್ದು ಕಾಣದೇ ಹೋದರೆ ಚಿಕಿತ್ಸೆಯೇ ತಪ್ಪುತ್ತದೆ. ಅವನು ಹುಡುಕಿದ. ಬೇರೆ ಜಾತಿ ಸಿಗಲಿಲ್ಲ. ರಕ್ತದ ವರದಿಯನ್ನು ತರಿಸಿ ಪಕ್ಕದಲ್ಲಿಟ್ಟು ನೋಡಿದ. ಅದೂ ಒಪ್ಪಿತು. ಸೆಮಿನೋಮ ಎಂದು ಬರೆದ. ಹೆಸರಿನಲ್ಲಿ ಅವನು ತಪ್ಪಲಿಲ್ಲ.

ಕೊನೆಗೆ, ಅದೇ ಕತ್ತಿಯಿಂದ, ಹುರಿಯ ತುದಿಯನ್ನು ಕೊಯ್ದ.

ಆ ತುದಿಯ ಸ್ಲೈಡಿನಲ್ಲಿ ರೋಗದ ಜೀವಕೋಶಗಳಿದ್ದವು. ಹುರಿಗೆ ರೋಗ ಏರಿದೆ, ಕೊಯ್ದ ಅಂಚಿನಲ್ಲೂ ಉಳಿದಿದೆ ಎಂದು ಬರೆದು ಸಹಿ ಮಾಡಿದ.

ವರದಿ ಓದಿದ ಕ್ಯಾನ್ಸರ್ ವೈದ್ಯರು ಸೋಮವಾರದಿಂದ ಕೀಮೋ ಎಂದರು. ಅದರಿಂದ ಮಕ್ಕಳಾಗದೇ ಹೋಗಬಹುದು ಎಂದೂ ಹೇಳಿದರು. ಮದುವೆಯಾಗಿ ಎರಡು ವರ್ಷ, ಮನೆಯಲ್ಲಿ ತೊಟ್ಟಿಲು ಕಟ್ಟಿರಲಿಲ್ಲ. ಬಡಗಿ ತಲೆಯಾಡಿಸಿದ. ಹೆಂಡತಿ ಆಡಿಸಲಿಲ್ಲ. ಹೊಟ್ಟೆಯ ಸ್ಕ್ಯಾನಿನಲ್ಲಿ ಎಲ್ಲೂ ಗಂಟಿಲ್ಲ ಎಂದು ಇವರೇ ಹೇಳಿದ್ದರು. ಎಲ್ಲೂ ಇಲ್ಲದ್ದು ತುದಿಯಲ್ಲಿ ಮಾತ್ರ ಹೇಗೆ ಬಂತು ಎಂದು ಕೇಳಿದಳು. ವರದಿ ಬರೆದವರನ್ನು ಕೇಳಿ ಎಂದರು. ದೊಡ್ಡಾಸ್ಪತ್ರೆಯಲ್ಲಿ ಹೀಗೆಂದರೆ ಮನೆಗೆ ಹೋಗಿ ಎಂದು ಅರ್ಥ. ಅವಳು ನಿಜವಾಗಿಯೂ ಕೇಳಲು ಹೋದಳು.

ಗುರುವಾರ ಪ್ರಯೋಗಾಲಯದ ಬಾಗಿಲಲ್ಲಿ ನಿಂತಳು. ಸಹಿಯಾದ ವರದಿ, ಇನ್ನೇನೂ ಮಾಡುವುದಕ್ಕಾಗದು ಎಂದು ಪರೀಕ್ಷಕ ಹೇಳಿ ಕಳಿಸಿದ. ಅವಳು ಹೊರಗಿನ ಬೆಂಚಿನಲ್ಲಿ ಕೂತಳು. ಶುಕ್ರವಾರವೂ ಬಂದು ಕೂತಳು. ಅವನು ಊಟಕ್ಕೆ ಹೋಗುವಾಗ ಎದ್ದು ನಿಲ್ಲುವಳು, ಬರುವಾಗ ಎದ್ದು ನಿಲ್ಲುವಳು. ಜಗಳಗಂಟಿ ಎಂದು ಅಲ್ಲಿಯವರು ಆಡಿಕೊಂಡರು. ವೈದ್ಯರು ಎರಡು ಸಲ ಕೇಳಿದರೆ ಎಚ್ಚರಿಕೆ, ರೋಗಿಯ ಹೆಂಡತಿ ಎರಡು ಸಲ ಕೇಳಿದರೆ ಜಗಳ.

ಶನಿವಾರ ಪರೀಕ್ಷಕ ಅವಳನ್ನು ಒಳಗೆ ಕರೆದ. ಅವಳಿಗಾಗಿ ಅಲ್ಲ, ಬೆಂಚು ಖಾಲಿಯಾಗಲಿ ಎಂದು. ಕೊಯ್ದ ತುದಿಯಲ್ಲಿ ರೋಗ ಕಂಡಿದೆಯಮ್ಮ, ಕಂಡದ್ದನ್ನು ಬರೆದಿದ್ದೇನೆ ಎಂದ.

“ಯಾವುದನ್ನು ಮೊದಲು ಕೊಯ್ದಿರಿ, ಸಾರ್?” ಎಂದು ಅವಳು ಕೇಳಿದಳು.

ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲ.

“ನಮ್ಮಲ್ಲಿ ಬೀಟೆ ಕೊಯ್ದ ಗರಗಸದಲ್ಲೇ ಬಿಳಿ ಮರ ಕೊಯ್ದರೆ, ಬಿಳಿ ಮರದ ಮೈಗೆ ಕಪ್ಪು ಪುಡಿ ಹತ್ತುತ್ತದೆ. ಮರಕ್ಕೇ ಹುಳ ಹಿಡಿದಿದೆ ಅಂತ ಗಿರಾಕಿ ಎದ್ದು ಹೋಗುತ್ತಾನೆ. ಹುಳ ಇದೆಯೋ ಇಲ್ಲವೋ ಅಂತ ನಾವು ಒಂದು ಗೆರೆ ಒಳಗೆ ಕೊಯ್ದು ತೋರಿಸುತ್ತೇವೆ. ರೋಗ ಇದ್ದರೆ ಇದೆ ಅನ್ನಿ ಸಾರ್, ಸೋಮವಾರ ನಾನೇ ಕೈಹಿಡಿದು ಕರೆತಂದು ಮಲಗಿಸುತ್ತೇನೆ. ಇಲ್ಲದ ರೋಗಕ್ಕೆ ಮಲಗಿಸುವುದಿಲ್ಲ.”

ಸೆಮಿನೋಮ ಮೆತ್ತನೆಯ ಗಡ್ಡೆ, ಮುಟ್ಟಿದ್ದಕ್ಕೆಲ್ಲ ಮೆತ್ತಿಕೊಳ್ಳುತ್ತದೆ. ಹುರಿಯನ್ನು ಮೊದಲು ಕೊಯ್ಯಬೇಕು, ಆಮೇಲೆ ಗಡ್ಡೆಗೆ ಕತ್ತಿ ಹಾಕಬೇಕು. ಇದನ್ನು ಪರೀಕ್ಷಕ ಓದಿದ್ದ. ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದ. ತಾನೇ ಬೇರೆಯವರಿಗೆ ಕಲಿಸಿಯೂ ಇದ್ದ. ಆದರೆ ಗಡ್ಡೆ ದೊಡ್ಡದು, ಕಣ್ಣು ಮೊದಲು ಅದಕ್ಕೇ ಹೋಗುತ್ತದೆ. ಕೈ ಕಣ್ಣಿನ ಹಿಂದೆಯೇ ಹೋಗುತ್ತದೆ.

ಸ್ಲೈಡನ್ನು ಮತ್ತೆ ಇಟ್ಟು ನೋಡಿದ. ಜೀವಕೋಶಗಳಿದ್ದದ್ದು ನಿಜ. ಆದರೆ ಅವು ಹುರಿಯ ಮೇಲ್ಮೈಯಲ್ಲಿ, ಸಂದುಗಳಲ್ಲಿ, ಬಿಡಿಬಿಡಿಯಾಗಿ ಬಿದ್ದಿದ್ದವು. ಒಂದೂ ಒಳಗೆ ಇಳಿದಿರಲಿಲ್ಲ. ಇದೂ ಸಾಲದು ಎನಿಸಿತು. ಬೇಕಾದದ್ದು ಸಮಾಧಾನವಲ್ಲ, ಸಾಕ್ಷಿ. ಜಾಡಿ ಎಲ್ಲಿ ಎಂದು ಕೇಳಿದ. ಸುಡಲು ಒಯ್ಯುವ ಗಾಡಿಗೆಂದು ಆ ಮಧ್ಯಾಹ್ನವೇ ಹೊರಗಿಡುವ ಸಾಲಿನಲ್ಲಿತ್ತು. ಓಡಿಹೋಗಿ ತಂದ. ಮಿಕ್ಕ ಹುರಿಯನ್ನು ತೊಳೆದು, ಹೊಸ ಬ್ಲೇಡು ಹಾಕಿ, ತುದಿಯ ಕಡೆಯಿಂದ ಗಡ್ಡೆಯ ಕಡೆಗೆ ಕೊಯ್ಯುತ್ತ ಬಂದ. ಪ್ರತಿ ತುಂಡಿಗೂ ಬ್ಲೇಡು ಬದಲಿಸಿದ. ಭಾನುವಾರ ರಜೆ ಇದ್ದರೂ ತಂತ್ರಜ್ಞನನ್ನು ಕರೆಸಿ ಸ್ಲೈಡು ಮಾಡಿಸಿದ.

ಹುರಿ ಉದ್ದಕ್ಕೂ ಶುದ್ಧವಾಗಿತ್ತು.

ಸೋಮವಾರ ಬೆಳಿಗ್ಗೆ ಬಡಗಿಯ ಕೈಗೆ ಸೂಜಿ ಚುಚ್ಚುವ ಮೊದಲು ಹೊಸ ವರದಿ ವಾರ್ಡಿಗೆ ಹೋಯಿತು. ಹೆಸರು ಅದೇ ಉಳಿಯಿತು, ಹಂತ ಇಳಿಯಿತು. ವೈದ್ಯರು ಕೀಮೋ ನಿಲ್ಲಿಸಿದರು. ಕೆಲವು ತಿಂಗಳಿಗೊಮ್ಮೆ ಸ್ಕ್ಯಾನು, ರಕ್ತಪರೀಕ್ಷೆ, ಒಂದನ್ನೂ ತಪ್ಪಿಸಬಾರದು ಎಂದರು. ತಪ್ಪಿಸಿದರೆ ಕಾಲು ಮುರಿಯುತ್ತೇನೆ ಎಂದು ಹೆಂಡತಿ ಗಂಡನಿಗೆ ಅಲ್ಲೇ ಹೇಳಿದಳು.

ಆಮೇಲೆ ಹೊಸ ವರದಿಯನ್ನು ಹಿಡಿದು ಮತ್ತೆ ಪ್ರಯೋಗಾಲಯಕ್ಕೆ ಬಂದಳು. ಕೈಮುಗಿಯಲು ಬಂದಿದ್ದಾಳೆ ಎಂದುಕೊಂಡು ಪರೀಕ್ಷಕ ಎದ್ದು ನಿಂತ.

“ಮೊದಲಿನದು ತಪ್ಪಾಗಿತ್ತು ಅಂತ ಇದರಲ್ಲಿ ಎಲ್ಲೂ ಇಲ್ಲ,” ಎಂದಳು.

ಪರೀಕ್ಷಕ ಕೂತ. ಹಿಂದಿನ ವರದಿ ತಪ್ಪು, ತುದಿಯಲ್ಲಿ ಕಂಡ ಜೀವಕೋಶಗಳು ಕತ್ತಿಯಿಂದ ಬಂದವು, ಹುರಿಯಿಂದಲ್ಲ ಎಂದು ಬರೆದ. ಕೆಳಗೆ ಹೆಸರು ಹಾಕಿದ. ಅವಳು ಒಂದೊಂದೇ ಅಕ್ಷರ ಓದಿ, ಮಡಿಸಿ, ಚೀಲದಲ್ಲಿಟ್ಟುಕೊಂಡು ಹೋದಳು. ಕೈ ಮುಗಿಯಲಿಲ್ಲ.

ವಾಸಂತಿ ಕತೆ ನಿಲ್ಲಿಸಿದರು. ಹನುಮೇಶನ ಪೆನ್ನು ಇನ್ನೂ ತೆರೆದೇ ಇತ್ತು. ಹಾಗಾದರೆ ಕಣ್ಣನ್ನು ನಂಬಲೇಬಾರದೇ ಎಂದು ಅವನು ಕೇಳಿದ.

“ನಿನ್ನ ಕಣ್ಣು ಇದ್ದದ್ದನ್ನೇ ಕಂಡಿದೆ ಹನುಮೇಶ, ಅದನ್ನು ಅಲ್ಲಿಗೆ ತಂದಿಟ್ಟವರು ಯಾರು ಅಂತ ನಿನ್ನ ಕೈಯನ್ನು ಕೇಳು.”