ಹೊನ್ನಿ ಒಪ್ಪದೆ ಪುಟವಿಲ್ಲ

ಹತ್ತಿರ ಬನ್ನಿ ಮಕ್ಕಳೇ, ಗಲಾಟೆ ಸಾಕು. ಒಂದು ಕಾಡಿನ ರಾಜ್ಯ ಇತ್ತು. ಆನೆ ದೊಡ್ಡದಂತಪ್ಪ ಅಲ್ಲಿಯ ಮಹಾರಾಜ. ಆ ಕಾಡಲ್ಲಿ ಇರುವೆ ಕೈಲೂ ಮೊಬೈಲು! ಅಂಗಡಿ ಇಟ್ಟವರಿಗೆಲ್ಲ ಒಂದೊಂದು ವೆಬ್‌ಸೈಟು ಬೇಕೇ ಬೇಕು.

ಅದನ್ನು ಮಾಡಿಕೊಡುತ್ತಿದ್ದವರು ಕೆರೆ ದಂಡೆಯ ಮರದಲ್ಲಿದ್ದ ಗೀಜಗ ಹಕ್ಕಿ ಸಣ್ಣಯ್ಯ, ಅವನ ಹೆಂಡತಿ ಹೊನ್ನಿ. ಗೀಜಗದ ಕುಲದಲ್ಲಿ ಒಂದು ಪದ್ಧತಿ. ಗಂಡ ಗೂಡು ಹೆಣೀತಾನೆ, ಹೆಂಡತಿ ಒಳಗೆ ಹೊಕ್ಕು ಎಳೆ ಎಳೆ ಜಗ್ಗಿ ನೋಡ್ತಾಳೆ. ಅವಳು ಒಪ್ಪದಿದ್ದರೆ ಅದು ಗೂಡೇ ಅಲ್ಲ. ವೆಬ್‌ಸೈಟಿಗೂ ಅದೇ ಪದ್ಧತಿ. ಸಣ್ಣಯ್ಯ ಪುಟ ಕಟ್ಟಿದ ಮೇಲೆ ಹೊನ್ನಿ ಒಮ್ಮೆ ಗಟ್ಟಿಯಾಗಿ ಓದುವಳು. ಇನ್ನೊಮ್ಮೆ ಇದ್ದಬದ್ದ ಬಟನ್ನೆಲ್ಲ ಒತ್ತುವಳು. ಮತ್ತೊಮ್ಮೆ ಅಲ್ಲಿರೋ ನಂಬರಿಗೆ ಫೋನ್ ಮಾಡಿ, "ಯಾರಪ್ಪಾ ಮಾತಾಡೋದು?" ಅಂತ ಕೇಳುವಳು. ಆಮೇಲೇ ಪುಟ ಹೊರಗೆ ಹೋಗಬೇಕು.

ನರಿ ಥಳಕಪ್ಪನೂ ಇದೇ ಕಸುಬಿಗೆ ಇಳಿದ. ಒಬ್ಬರಿಗೆ ಮಾಡಿದ ಪುಟ ಎತ್ತಿಕೊಳ್ಳೋದು, ಹೆಸರು ಬದಲಾಯಿಸೋದು, ಇನ್ನೊಬ್ಬರಿಗೆ ಕೊಡೋದು. ಮುಗೀತು! ಬೇಗ ಸಿಗುತ್ತೆ ಅಂತ ಎಲ್ಲರೂ ಅವನ ಹಿಂದೆ ಬಿದ್ದರು.

ಕರಡಿ ಜಾಂಬವ್ವ ಖಾನಾವಳಿ ತೆಗೆದಳು. ಅವಳ ಪುಟದಲ್ಲಿ ಹಳೇ ಕ್ಷೌರದಂಗಡಿಯ ಸಾಲು ಹಾಗೇ ಉಳಿದಿತ್ತು: "ಬಂದವರ ತಲೆ ನುಣ್ಣಗೆ ಬೋಳಿಸಿ ಕಳಿಸುತ್ತೇವೆ." ಊಟಕ್ಕೆ ಹೊರಟಿದ್ದ ಕುರಿಗಳು ಅರ್ಧ ದಾರಿಯಿಂದಲೇ ಓಟ ಕಿತ್ತವು!

"ಅಯ್ಯೋ ಬಿಡವ್ವಾ, ಅದನ್ನೆಲ್ಲ ಯಾರು ಓದ್ತಾರೆ!" ಅಂದ ನರಿ.

ಆಮೆ ಮೇಷ್ಟ್ರು ಮೀನುಮರಿಗಳಿಗೆ ಶಾಲೆ ತೆಗೆದರು. ಅವರ ಪುಟದಲ್ಲಿ ಖಾನಾವಳಿಯ ಸಾಲು: "ಗರಿಗರಿಯಾಗಿ ಹುರಿದು ಕೊಡುತ್ತೇವೆ." ಮೀನಮ್ಮಂದಿರು ಮಕ್ಕಳನ್ನು ಎಳಕೊಂಡು ಆಳಕ್ಕೆ ಇಳಿದವರು ಮೇಲೆ ಬರಲೇ ಇಲ್ಲ.

"ಅಯ್ಯೋ ಬಿಡಿ ಮೇಷ್ಟ್ರೇ, ಯಾರು ಓದ್ತಾರೆ!" ಅಂದ ನರಿ.

ಅಷ್ಟರಲ್ಲಿ ರಾಜಕುಮಾರಿಯ ಮದುವೆ ಬಂತು. ಮದುವೆಯ ಪುಟ ಯಾರು ಚೆನ್ನಾಗಿ ಮಾಡ್ತಾರೋ ಅವರಿಗೇ ಇನ್ನು ಅರಮನೆ ಕೆಲಸ ಅಂತ ಡಂಗುರ ಹೊಡೆಸಿದರು. ಹೊನ್ನಿಗೆ ಚಿಂತೆ ಹತ್ತಿತು. ಬಂದ ಗಿರಾಕಿಗಳನ್ನೆಲ್ಲ ನರಿ ಸೆಳಕೊಂಡಿದ್ದ. ಮೊಟ್ಟೆ ಇಡೋ ಹೊತ್ತು ಬೇರೆ ಹತ್ತಿರ ಬಂದಿತ್ತು. "ಇದೂ ಕೈತಪ್ಪಿದರೆ ಈ ಕೆರೆ ಬಿಟ್ಟು ಎಲ್ಲಿಗೆ ಹೋಗೋಣ, ಹೇಳು?" ಅಂತ ಗಂಡನ ಮುಂದೆ ಅತ್ತೇಬಿಟ್ಟಳು.

ಅತ್ತು ಕಣ್ಣೊರೆಸಿಕೊಂಡು ಕೆಳಗೆ ನೋಡಿದರೆ, ಪೊದೆ ಹಿಂದೆ ಯಾರದು? ಥಳಕಪ್ಪ! ಸಣ್ಣಯ್ಯ ಕಟ್ಟುತ್ತಿದ್ದ ಮದುವೆ ಪುಟ ನೋಡಿ ನೋಡಿ ಸರಸರ ನಕಲು ಹೊಡೀತಿದ್ದಾನೆ.

ಹೊನ್ನಿ ಗಂಡನ ಕಿವಿಯಲ್ಲಿ ಪಿಸುಗುಟ್ಟಿದಳು. ಪುಟದ ನಟ್ಟನಡುವೆ ಒಂದು ಸಾಲು ಸೇರಿಸು ಅಂದಳು.

"ಅಲ್ಲ ಕಣೇ, ನಾವೇ ಅಳಿಸೋದು ಮರೆತರೆ?"

"ಮರೆಯೋಕೆ ನಾನೇನು ನರೀನಾ?"

ನರಿ ನಕಲು ಮುಗಿಸಿ ಹೋದ ಕೂಡಲೇ ಹೊನ್ನಿ ಆ ಸಾಲು ಅಳಿಸಿದಳು. ಪುಟವನ್ನು ಓದಿದಳು, ಮತ್ತೆ ಓದಿದಳು, ಮತ್ತೂ ಓದಿದಳು.

ಆಸ್ಥಾನಕ್ಕೆ ಮೊದಲು ಓಡಿದವನು ನರಿಯೇ. ಮಹಾರಾಜ ಮೊಬೈಲು ಹಿಡಿದು, "ಎಲ್ಲ ನೀನೇ ಬರೆದದ್ದೇನಯ್ಯ?" ಅಂದ.

"ಒಂದೊಂದು ಅಕ್ಷರವೂ ನನ್ನದೇ ಪ್ರಭೂ!"

ಮಹಾರಾಜ ಸೊಂಡಿಲೆತ್ತಿ ಗಟ್ಟಿಯಾಗಿ ಓದಿದ: "ಸರ್ವರಿಗೂ ಮದುವೆಗೆ ಸುಸ್ವಾಗತ. ಮಹಾರಾಜರೇ, ಈ ಪುಟ ಗೀಜಗದ ಮನೆಯಿಂದ ಕದ್ದದ್ದು. ತಂದವನ ಮುಖ ಒಮ್ಮೆ ನೋಡಿ."

ಎಲ್ಲರೂ ನೋಡಿದರು. ಆ ಮುಖ ನೋಡಬೇಕಿತ್ತು ನೀವು! ಆಸ್ಥಾನವೆಲ್ಲ ಬಿದ್ದು ಬಿದ್ದು ನಕ್ಕಿತು. ಮದುಮಗಳಿಗಂತೂ ನಗು ತಡೆಯದೆ ಬಿಕ್ಕಳಿಕೆಯೇ ಬಂತು.

ಹಿಂದೆಯೇ ಬಂದ ಗೀಜಗದವರ ಪುಟದಲ್ಲಿ ಒಂದು ತಪ್ಪೂ ಸಿಗಲಿಲ್ಲ, ಅರಮನೆ ಕೆಲಸ ಅವರಿಗೇ ಸಿಕ್ಕಿತು. ಹೊನ್ನಿ ಅದೇ ಮರದಲ್ಲಿ ಹಾಯಾಗಿ ಮೊಟ್ಟೆ ಇಟ್ಟಳು. ನರಿಗೆ ಶಿಕ್ಷೆ ಏನು ಗೊತ್ತೇ? ರಾಜ್ಯದಲ್ಲಿ ತಾನು ಮಾಡಿದ ಪುಟಗಳನ್ನೆಲ್ಲ ಆ ಮರದ ಕೆಳಗೆ ಕೂತು ಗಟ್ಟಿಯಾಗಿ ಓದೋದು, ತಿದ್ದೋದು. ಮೇಲಿಂದ ಹೊನ್ನಿ ಕೂಗುವಳು: "ಕೇಳಿಸಲಿಲ್ಲ ಥಳಕಪ್ಪಣ್ಣಾ, ಇನ್ನೊಮ್ಮೆ!"

ತಿಳೀತೇನ್ರೋ? ನಾಲ್ಕು ಜನ ನೋಡೋ ಪುಟವನ್ನು ಮೊದಲು ನಾವೇ ಕಣ್ಣಿಟ್ಟು ಓದಬೇಕು. ಓದಿ ತಿದ್ದದೆ ಹೊರಗೆ ಬಿಟ್ಟವನು ಊರಿಗೆಲ್ಲ ನಗೆಪಾಟಲು. ಕಥೆ ಆಯಿತು, ಏಳಿ, ಕೈಕಾಲು ತೊಳಕೊಂಡು ಊಟಕ್ಕೆ ಬನ್ನಿ.