ಗಾಣಕ್ಕೆ ಮೂರು ಸುತ್ತು

ಅಡವಯ್ಯಜ್ಜನವರ ಮಠದಲ್ಲಿ ಹನ್ನೆರಡು ವರ್ಷ ಒಲೆ ಊದಿದವನು ಫಕೀರಯ್ಯ. ಜ್ಞಾನ ಬೇಕೆಂದು ಬಂದವನ ಕೈಗೆ ಸಿಕ್ಕಿದ್ದು ಸೌಟು! ಇನ್ನು ಸಾಕು, ಈ ಪ್ರಯಾಣ ಮುಗಿಯುವುದರೊಳಗೆ ಗುರುಗಳ ಅಪ್ಪಣೆ ಕೇಳಿ ಮಠ ಬಿಟ್ಟುಬಿಡಬೇಕೆಂದು ಅವನು ಮನಸ್ಸು ಗಟ್ಟಿ ಮಾಡಿಕೊಂಡಿದ್ದ.

ಭಕ್ತರೊಬ್ಬರು ಇಬ್ಬರನ್ನೂ ಸೈಪ್ರಸ್ ದ್ವೀಪಕ್ಕೆ ಕರೆಸಿಕೊಂಡಿದ್ದರು. ಅಂದು ಬೆಳಿಗ್ಗೆ ಗುರುಶಿಷ್ಯರು ಕಡಲ ದಂಡೆಯ ಪಾಳುಪಟ್ಟಣ ನೋಡಲು ಹೋದರು. ಮುರಿದ ಕಂಬಗಳು, ಸೂರಿಲ್ಲದ ಮನೆಗಳು. ನಡುವೆ ದೊಡ್ಡದೊಂದು ದುಂಡುಕಲ್ಲು.

ಲಿಂಗವೇ ಇರಬೇಕೆಂದು ಫಕೀರಯ್ಯ ಕೂಡಲೇ ಚಪ್ಪಲಿ ಬಿಟ್ಟ. ಕೈಮುಗಿದು ಮೂರು ಸುತ್ತು ಹಾಕಿ ಅಡ್ಡಬಿದ್ದ.

ಅಲ್ಲಿ ಕಾವಲಿದ್ದ ಮುದುಕಿಗೆ ನಗು ತಡೆಯಲಾಗಲಿಲ್ಲ. ಭಾಷೆ ಬಾರದಿದ್ದರೇನಂತೆ? ಪಕ್ಕದ ಆಲಿವ್ ಮರ ತೋರಿಸಿದಳು, ಎತ್ತಿನ ಹಾಗೆ ತಲೆ ತಗ್ಗಿಸಿ ಕಲ್ಲು ಸುತ್ತಿದಳು, ಅಂಗೈಗೆ ಎಣ್ಣೆ ಸುರಿದುಕೊಂಡಂತೆ ಮಾಡಿ ನೆತ್ತಿಗೆ ತಿಕ್ಕಿಕೊಂಡಳು.

ಅಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕರು. "ಲೇ ಫಕೀರಾ, ಎಣ್ಣಿ ಗಾಣಕ್ಕ ಅಡ್ಡಬಿದ್ದೆಲ್ಲೋ!"

ಫಕೀರಯ್ಯನಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು, ಕೊನೆಗೆ ಅಳುವೇ ಬಂತು.

"ನಗ್ರೀ ಅಜ್ಜಾರ, ನಗ್ರೀ. ನಾನೂ ಗಾಣದೆತ್ತ ಅದೀನಿ. ಹನ್ನೆರಡು ವರ್ಷ ನಿಮ್ಮ ಒಲಿ ಸುತ್ತ ತಿರುಗೀನಿ. ನನಗ ಒಂದ ಹನಿ ದಕ್ಕಲಿಲ್ಲ. ಅಪ್ಪಣಿ ಕೊಡ್ರಿ, ಹೋಗ್ತೀನಿ."

ಅಜ್ಜನವರ ನಗು ನಿಂತಿತು. ಕಲ್ಲಿನ ಸುತ್ತ ನೆಲ ಕಾಲ್ದಾರಿಯಂತೆ ಸವೆದಿತ್ತು. ಅದನ್ನು ತೋರಿಸಿ ಕೇಳಿದರು:

"ಇಲ್ಲಿ ತಿರುಗಿದ ಎತ್ತು ಎಣ್ಣಿ ಕಂಡಿತ್ತೇನೋ?"

"ಹೆಂಗ ಕಾಣ್ತೈತ್ರಿ? ಕಣ್ಣಿಗೆ ಬಟ್ಟಿ ಕಟ್ಟಿರ್ತಾರಲ್ಲ."

ಅಜ್ಜ ಹೆಗಲ ಮೇಲಿನ ವಸ್ತ್ರ ತೆಗೆದು ಶಿಷ್ಯನ ಕಣ್ಣಿಗೆ ಕಟ್ಟಿದರು. ತೋಳು ಹಿಡಿದು ಕಲ್ಲಿನ ಸುತ್ತ ನಡೆಸಿದರು. ಒಂದು ಸುತ್ತಾಯಿತು. ಎರಡಾಯಿತು. ಮೂರನೆಯದಕ್ಕೆ ಮುದಿಜೀವದ ಏದುಸಿರು ಫಕೀರಯ್ಯನ ಕಿವಿಗೆ ಬಿತ್ತು.

"ಸಾಕ್ರೀ ಅಜ್ಜಾರ, ಕೂಡ್ರಿ! ಮುಂಜಾನೆ ಗಂಜೀನೂ ಪೂರಾ ಕುಡೀಲಿಲ್ಲ ನೀವು. ಚೀಲದಾಗ ರೊಟ್ಟಿ ಅದಾವು, ಮುರಿದು ಕೊಡ್ತೀನಿ ತಡೀರಿ."

ಅವನು ತಡಕಾಡುತ್ತಾ ಚೀಲ ಬಿಚ್ಚಿದ. ಅಜ್ಜ ಮೆಲ್ಲಗೆ ಅವನ ಕಣ್ಣಿನ ಬಟ್ಟೆ ಬಿಚ್ಚಿದರು. ಅವರ ಕಣ್ಣುಗಳೂ ಒದ್ದೆಯಾಗಿದ್ದವು.

"ಹನ್ನೆರಡು ವರ್ಷ ನಿನ್ನ ಎಣ್ಣಿಲೇ ಉರಿದ ದೀಪಾನೋ ನಾನು. ಈಗರ ಕಾಣ್ತೇನು, ಹುಚ್ಚಪ್ಪಾ?"