ಜೆರೇನಿಯಂ ಕುಂಡಕ್ಕೆ ನೀರು

ದಕ್ಷಿಣ ಸ್ಪೇನಿನ ಒಂದು ಊರು. ಸುಣ್ಣ ಬಳಿದ ಗೋಡೆ, ಗೋಡೆಯ ತುಂಬ ಜೆರೇನಿಯಂ ಹೂವಿನ ಕುಂಡಗಳು, ನಡುವೆ ಅಂಗಳ. ಅಲ್ಲಿ ರೆಮೆದಿಯೋಸ್ ಎಂಬ ಮುದುಕಿ ಫ್ಲಮೆಂಕೋ ಎಂಬ ಆ ಸೀಮೆಯ ಹಾಡಿಗೆ ಚಪ್ಪಾಳೆಯ ತಾಳ ಹಾಕುವುದನ್ನು ಕಲಿಸುತ್ತಿದ್ದಳು.

ಚಪ್ಪಾಳೆ ತಟ್ಟುವುದರಲ್ಲಿ ಕಲಿಯುವುದೇನಿದೆ ಎಂದು ನಗಬೇಡಿ. ಮೈಸೂರಿನಿಂದ ಅವಳಲ್ಲಿ ಕಲಿಯಲು ಬಂದ ಭಾರ್ಗವಿಯೂ ಮೊದಲು ನಕ್ಕವಳೇ.

ಮುದುಕಿಯ ತಮ್ಮ ಮನೋಲೋ ಹಾಡುಗಾರ. ಹೆಂಡತಿ ತೀರಿಕೊಂಡ ಮೇಲೆ ಹಾಡಿರಲಿಲ್ಲ. ಬರುವ ಭಾನುವಾರ ಊರವರ ಮುಂದೆ ಹಾಡಲು ಹೇಗೋ ಒಪ್ಪಿ, ಅದಕ್ಕೆ ಮೊದಲೇ ಒಂದು ಬೆಳಿಗ್ಗೆ ಅಂಗಳದಲ್ಲಿ ಮೊದಲ ಸಲ ದನಿ ತೆಗೆದ. ಭಾರ್ಗವಿ ತಾಳ ಹಿಡಿದಳು.

ಎರಡನೇ ಸಾಲಿನಲ್ಲಿ ಅವನ ಗಂಟಲು ಕಟ್ಟಿತು.

ಅವಳ ಕೈ ನಿಲ್ಲಲಿಲ್ಲ. ಆಕಾಶ ಕಳಚಿ ಬಿದ್ದರೂ ತಾಳ ಬಿಡಬಾರದೆಂದು ಮೈಸೂರಿನ ಸಂಗೀತದ ಮೇಷ್ಟ್ರು ಗದರಿ ಕಲಿಸಿದ್ದರು. ಅವಳು ಇನ್ನೂ ಗಟ್ಟಿಯಾಗಿ ತಟ್ಟಿದಳು.

ಮನೋಲೋ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

"ಅಮ್ಮಾ, ನಾನು ತಾಳ ಬಿಡಲಿಲ್ಲ," ಎಂದಳು ಭಾರ್ಗವಿ ಮುದುಕಿಗೆ.

"ತಾಳ ಬಿಡಲಿಲ್ಲ. ಅವನನ್ನು ಬಿಟ್ಟು ಹೋದೆ."

"ಮತ್ತೆ ಹಾಡುತ್ತಾರಲ್ಲವೇ?"

"ಗೊತ್ತಿಲ್ಲ."

ಒಬ್ಬ ಮನುಷ್ಯನ ಹಾಡನ್ನು ಕೈಯಾರೆ ನಿಲ್ಲಿಸಿದೆನಲ್ಲ ಎಂದು ಭಾರ್ಗವಿಗೆ ಅಳು ಬಂತು.

"ಹೋಗಿ ಕ್ಷಮೆ ಕೇಳಲೇ?"

"ಕುಂಡಗಳಿಗೆ ನೀರು ಹಾಕು."

ಉದ್ದನೆಯ ಗಳುವಿನ ತುದಿಗೆ ಡಬ್ಬಿ ಕಟ್ಟಿತ್ತು. ಭಾರ್ಗವಿ ಅದನ್ನೆತ್ತಿ ಮೇಲಿನ ಕುಂಡಕ್ಕೆ ಸುರಿದಳು. ನೀರು ಉಕ್ಕಿ, ಬಿಳಿ ಗೋಡೆಯ ಮೇಲೆ ಕೆಸರು ಇಳಿಯಿತು.

"ಇಲ್ಲಿಂದ ಕುಂಡದೊಳಗೆ ಕಾಣುವುದೇ ಇಲ್ಲ. ಎಷ್ಟು ಹಾಕಬೇಕೆಂದು ಹೇಗೆ ತಿಳಿಯಲಿ?"

"ಕಿವಿ ಯಾತಕ್ಕಿದೆ?"

ಅವಳು ಇನ್ನೊಂದು ಕುಂಡಕ್ಕೆ ತುಸುವೇ ಸುರಿದು ನಿಲ್ಲಿಸಿದಳು. ಒಣಮಣ್ಣು ಚುಯ್ಯೆಂದು ನೀರು ಹೀರುವುದು ಕೇಳಿಸಿತು. ಆ ಸದ್ದು ಅಡಗುವವರೆಗೆ ಕಾದಳು. ಆಮೇಲೆ ಇನ್ನಷ್ಟು ಸುರಿದು ಗಳುವನ್ನು ಗೋಡೆಗೆ ಒರಗಿಸಿದಳು.

ಬಾಗಿಲ ಹಿಂದಿನಿಂದ ದನಿ ಬಂತು. ಅದೇ ಹಾಡು. ಎರಡನೇ ಸಾಲಿಗೆ ಬಂದು ಅಲ್ಲೇ ಮುರಿಯಿತು.

ಭಾರ್ಗವಿಯ ಕೈಗಳು ತಾವಾಗಿಯೇ ಮೇಲೆದ್ದಿದ್ದವು. ಮುದುಕಿ ಅವಳತ್ತ ನೋಡಲಿಲ್ಲ. ಲಂಗದ ಅಂಚನ್ನು ಬಿಗಿಯಾಗಿ ಹಿಡಿದು ಬಾಗಿಲನ್ನೇ ನೋಡುತ್ತಿದ್ದಳು.

ಭಾರ್ಗವಿ ಕೈ ತಡೆದಳು. ಕುಂಡದಿಂದ ನೀರು ತೊಟ್ಟಿಕ್ಕುತ್ತಿತ್ತು. ಒಳಗೆ ಸದ್ದಿಲ್ಲ. ಇಷ್ಟೇ, ಮುಗಿದೇ ಹೋಯಿತು ಎಂದುಕೊಂಡಳು. ಆದರೂ ತಟ್ಟಲಿಲ್ಲ.

ದನಿ ನಿಧಾನವಾಗಿ ಮತ್ತೆ ಎದ್ದಿತು. ಬಾಗಿಲು ತೆರೆಯಿತು. ಮನೋಲೋ ಕಣ್ಣು ಮುಚ್ಚಿಕೊಂಡು ಹಾಡುತ್ತಲೇ ಹೊಸ್ತಿಲಿಗೆ ಬಂದ. ಭಾರ್ಗವಿ ಅಂಗೈಗಳನ್ನು ಬೋಗುಣಿಯಂತೆ ಬಾಗಿಸಿ, ಅವನ ದನಿಗಿಂತ ಮೆಲ್ಲಗೆ ತಟ್ಟತೊಡಗಿದಳು. ಅವನು ತಡೆದಲ್ಲಿ ತಡೆದಳು. ಅವನು ನಡೆದಾಗ ಜೊತೆಗೆ ನಡೆದಳು.

ಹಾಡು ಮುಗಿಯಿತು. ಮನೋಲೋ ಕಣ್ಣೊರೆಸಿಕೊಂಡು ನಕ್ಕ.

"ನೋಡಿದೆಯಾ ಅಕ್ಕಾ, ತಾಳದವರು ಯಾರೂ ಇಲ್ಲದೆಯೇ ಹಾಡಿಬಿಟ್ಟೆ!"

ಭಾರ್ಗವಿ ಇನ್ನೂ ಬಾಗಿಯೇ ಇದ್ದ ಅಂಗೈಗಳನ್ನು ನೋಡುತ್ತ ತಲೆ ತಗ್ಗಿಸಿದಳು.

ರೆಮೆದಿಯೋಸ್ ಹೇಳಿದಳು: "ಭಾನುವಾರ ಇವಳನ್ನು ಪಕ್ಕದಲ್ಲಿ ಕೂರಿಸಿಕೋ."